ಹಳೆಯ ಲ್ಯಾಪ್‌ಟಾಪಿನಲ್ಲಿ ಲಿನಕ್ಸನ್ನು ಸ್ಥಾಪಿಸುವ ಕ್ರಮ

(ಮೇಲ್ತರಗತಿಗಳ ವಿದ್ಯಾರ್ಥಿನಿಯರಿಗೆ ಒಂದು ಪಾಠ)



ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬರು ತಾವು ಕೆಲಸಮಾಡುವ ಕಚೇರಿಯಿಂದ ಆರು ಹಳೆಯ ಲ್ಯಾಪ್‌ಟಾಪುಗಳನ್ನು ನಮಗೆ ಕೊಡಿಸಿದ ಸಂಗತಿಯು ನಿಮಗೆಲ್ಲರಿಗೂ ತಿಳಿದದ್ದೇ. ಅವುಗಳ ಮೈ ಗಟ್ಟಿಯಾಗಿತ್ತು, ಕೀಲಿಗಳೆಲ್ಲವೂ ಸರಿಯಾಗಿದ್ದವು, ಪರದೆಯಲ್ಲಿ ಒಂದು ಕಲೆಯೂ ಇರಲಿಲ್ಲ. ಆದರೂ ನೋಡಿದವರು, "ಇವು ಇನ್ನು ಕೆಲಸಕ್ಕೆ ಬಾರವು, ತೂಕಕ್ಕೆ ಹಾಕಿಬಿಡಿರಿ" ಎಂದರು. ಕಾರಣವೇನಂದರೆ, ಅವುಗಳಲ್ಲಿದ್ದ ವಿಂಡೋಸ್ ೧೦ ಎಂಬ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆಯವರು ಕೊಡುತ್ತಿದ್ದ ಸಾಮಾನ್ಯ ಬೆಂಬಲವು ೨೦೨೫ನೆಯ ಇಸವಿ ಅಕ್ಟೋಬರ್ ೧೪ನೆಯ ತಾರೀಖಿಗೆ ಮುಗಿಯಿತು. ೨೦೨೧ರಲ್ಲಿ ಹೊರಟ ವಿಂಡೋಸ್ ೧೧ಕ್ಕಾದರೋ ಟಿ.ಪಿ.ಎಮ್. ೨.೦ ಎಂಬ ಭದ್ರತಾ ಸಾಧನವೂ ಹೊಸ ತಲೆಮಾರಿನ ಪ್ರೊಸೆಸರೂ ಇರತಕ್ಕದ್ದು. ಇವು ನಮ್ಮ ಯಂತ್ರಗಳಲ್ಲಿರಲಿಲ್ಲ. ಹೀಗೆ, ಕೈಕಾಲು ನೆಟ್ಟಗಿರುವ ಆಳನ್ನು ವಯಸ್ಸಾಯಿತೆಂದು ಹೊರಗೆ ನಿಲ್ಲಿಸಿದಂತೆ, ಈ ಯಂತ್ರಗಳು ಹೊರಗೆ ನಿಂತವು.

ಐದು ಸಾವಿರ ಜನರು ಉಂಡು ತೃಪ್ತರಾದ ಮೇಲೆ, ಉಳಿದ ತುಣುಕುಗಳು ಸಹ ಹಾಳಾಗದಂತೆ ಕೂಡಿಸಿಡಬೇಕೆಂದು ನಮ್ಮ ಕರ್ತನು ಶಿಷ್ಯರಿಗೆ ಅಪ್ಪಣೆಕೊಟ್ಟದ್ದನ್ನು ನೀವು ವೇದಪಾಠದಲ್ಲಿ ಓದಿದ್ದೀರಿ. ಆ ಉಪದೇಶವು ಯಂತ್ರಗಳಿಗೂ ಸಲ್ಲುವದು. ಆದಕಾರಣ ನಾವು ಅವುಗಳಲ್ಲಿ ಲಿನಕ್ಸ್ ಎಂಬ ವ್ಯವಸ್ಥೆಯನ್ನು ಸ್ಥಾಪಿಸಿದೆವು. ಆ ಕೆಲಸವನ್ನು ಮಾಡುವ ಕ್ರಮವನ್ನು ಈ ಪಾಠದಲ್ಲಿ ವಿವರಿಸುವೆನು. ಅದರೊಂದಿಗೆ ನಾನು ಮಾಡಿದ ಒಂದು ದೊಡ್ಡ ತಪ್ಪನ್ನೂ ಮರೆಮಾಡದೆ ತಿಳಿಸುವೆನು. ಯಾಕಂದರೆ ಈ ಪಾಠದ ಸಾರವು ಅದರಲ್ಲಿಯೇ ಅಡಗಿರುವದು.

೧. ಲಿನಕ್ಸ್ ಎಂದರೇನು?

ಗಣಕಯಂತ್ರವು ತನ್ನಷ್ಟಕ್ಕೆ ತಾನು ಬರೇ ಲೋಹವೂ ಗಾಜೂ ಆಗಿರುವದು. ಕೀಲಿಯನ್ನು ಒತ್ತಿದಾಗ ಪರದೆಯ ಮೇಲೆ ಅಕ್ಷರ ಮೂಡಬೇಕಾದರೆ, ಅದರ ಅಂಗಾಂಗಗಳನ್ನೆಲ್ಲ ಆಳುವ ಒಂದು ತಂತ್ರಾಂಶವು ಬೇಕು. ಇದಕ್ಕೆ ಆಪರೇಟಿಂಗ್ ಸಿಸ್ಟಮ್, ಕನ್ನಡದಲ್ಲಿ ಕಾರ್ಯಾಚರಣೆ ವ್ಯವಸ್ಥೆ ಎಂದು ಹೆಸರು. ವಿಂಡೋಸು ಅಂಥಾದ್ದೊಂದು, ಲಿನಕ್ಸು ಇನ್ನೊಂದು.

ಫಿನ್ಲೆಂಡ್ ದೇಶದ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಲೀನಸ್ ಟೋರ್ವಾಲ್ಡ್ಸ್ ಎಂಬ ೨೧ ವರ್ಷದ ತರುಣನು ೧೯೯೧ರಲ್ಲಿ ಈ ವ್ಯವಸ್ಥೆಯ ತಿರುಳನ್ನು ಬರೆದು ಲೋಕಕ್ಕೆ ತಿಳಿಸಿದನು. ಇದಕ್ಕೆ ಮುಂಚೆ, ೧೯೮೩ರಲ್ಲಿಯೇ, ಅಮೇರಿಕಾದ ರಿಚರ್ಡ್ ಸ್ಟಾಲ್ಮನ್ ಎಂಬವರು ಗ್ನು ಎಂಬ ಯೋಜನೆಯನ್ನು ಪ್ರಕಟಿಸಿ, ವ್ಯವಸ್ಥೆಗೆ ಬೇಕಾದ ಇತರ ಉಪಕರಣಗಳನ್ನು ಸಿದ್ಧಪಡಿಸಲಾರಂಭಿಸಿದ್ದರು. ಟೋರ್ವಾಲ್ಡ್ಸನು ೧೯೯೨ರಲ್ಲಿ ತನ್ನ ತಿರುಳನ್ನು ಗ್ನುವಿನ ಸಾರ್ವಜನಿಕ ಪರವಾನಿಗೆಯ ಕೆಳಗೆ ತಂದನು. ಈ ಪರವಾನಿಗೆಯ ಪ್ರಕಾರ ಯಾರು ಬೇಕಾದರೂ ಆ ತಂತ್ರಾಂಶವನ್ನು ಉಪಯೋಗಿಸಬಹುದು, ಬಿಚ್ಚಿ ಓದಬಹುದು, ತಿದ್ದಬಹುದು, ನೆರೆಯವರಿಗೆ ಹಂಚಬಹುದು. ಇಂಥಾದ್ದನ್ನು ಸ್ವತಂತ್ರ ತಂತ್ರಾಂಶವೆನ್ನುವರು. ಹಣ ಕೊಡದೆ ಸಿಕ್ಕುವದೆಂಬದು ಇದರ ಸಣ್ಣ ಗುಣ. ಕಲಿಯುವವಳಿಗೆ ಯಾವ ಬಾಗಿಲೂ ಮುಚ್ಚಿಲ್ಲವೆಂಬದೇ ದೊಡ್ಡ ಗುಣ. ನಮ್ಮ ನೆರೆಯ ಕೇರಳದಲ್ಲಿ ಸರಕಾರಿ ಮತ್ತು ಅನುದಾನಿತ ಶಾಲೆಗಳ ಗಣಕ ಶಿಕ್ಷಣವು ಬಹು ವರ್ಷಗಳಿಂದ ಇಂಥಾ ತಂತ್ರಾಂಶದ ಮೇಲೆಯೇ ನಡೆಯುತ್ತಿರುವದು.

ತಿರುಳು ಒಂದೇ ಆದರೂ ಅದಕ್ಕೆ ಬೇರೆ ಬೇರೆ ಉಪಕರಣಗಳನ್ನು ಕೂಡಿಸಿ ಕಟ್ಟುಮಾಡಿ ಕೊಡುವವರು ಹಲವರುಂಟು. ಹೀಗೆ ಕಟ್ಟಿದ್ದನ್ನು ವಿತರಣೆ ಎನ್ನುತ್ತಾರೆ. ೧೯೯೩ರಲ್ಲಿ ಪ್ರಾರಂಭವಾದ ಡೆಬಿಯನ್, ೨೦೦೪ರ ಉಬುಂಟು, ೨೦೦೬ರ ಲಿನಕ್ಸ್ ಮಿಂಟ್ ಮೊದಲಾದವು ಪ್ರಸಿದ್ಧವಾದವು. ಇನ್ನು ನಮ್ಮ ಕಣ್ಣಿಗೆ ಕಾಣುವ ಕಿಟಕಿ, ಪಟ್ಟಿ, ಚಿತ್ರಗಳ ಅಂಗಳಕ್ಕೆ ಡೆಸ್ಕ್‌ಟಾಪ್ ಎಂದು ಹೆಸರು. ಅದರಲ್ಲಿಯೂ ಭಾರವಾದವು, ಹಗುರವಾದವು ಎಂದು ಭೇದಗಳುಂಟು. ನಾವು ಆರಿಸಿಕೊಂಡದ್ದು ಲಿನಕ್ಸ್ ಮಿಂಟಿನ ೨೨ನೆಯ ಶ್ರೇಣಿ. ಅದರೊಳಗೆ ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ಡೆಸ್ಕ್‌ಟಾಪು. ಈ ಶ್ರೇಣಿಗೆ ೨೦೨೯ರ ವರೆಗೆ ಭದ್ರತೆಯ ತಿದ್ದುಪಡಿಗಳು ದೊರೆಯುವವು. ಮತ್ತು ಅದರ ರೂಪವು ವಿಂಡೋಸನ್ನು ಬಲ್ಲವರಿಗೆ ಅಪರಿಚಿತವೆನಿಸದು.

೨. ಯಂತ್ರದ ಪರೀಕ್ಷೆ

ಗೋಪುರವನ್ನು ಕಟ್ಟಬೇಕೆಂದಿರುವವನು ಮೊದಲು ಕೂತುಕೊಂಡು ಖರ್ಚನ್ನು ಲೆಕ್ಕಮಾಡುವನಷ್ಟೆ. ಹಾಗೆಯೇ ನೀವು ಒಂದು ನೋಟುಪುಸ್ತಕವನ್ನು ತೆಗೆದುಕೊಂಡು, ಯಂತ್ರದ ಹೆಸರು, ಮಾದರಿ, ಸ್ಮರಣಶಕ್ತಿ ಅಂದರೆ ರ‍್ಯಾಮ್, ಹಾರ್ಡ್‌ಡಿಸ್ಕಿನ ಅಳತೆ ಇವುಗಳನ್ನು ಬರೆದುಕೊಳ್ಳಿರಿ. ಲಿನಕ್ಸ್ ಮಿಂಟಿಗೆ ೬೪ ಬಿಟ್ಟಿನ ಪ್ರೊಸೆಸರು ಬೇಕು. ರ‍್ಯಾಮು ೨ ಜಿ.ಬಿ.ಗೆ ಕಡಿಮೆಯಿರಕೂಡದು, ೪ ಜಿ.ಬಿ. ಇದ್ದರೆ ಅನುಕೂಲ, ಡಿಸ್ಕಿನಲ್ಲಿ ೨೦ ಜಿ.ಬಿ. ಸ್ಥಳವಾದರೂ ಬೇಕು, ೧೦೦ ಜಿ.ಬಿ. ಇದ್ದರೆ ಒಳ್ಳೇದು. ಹಳೆಯ ತಿರುಗುವ ಹಾರ್ಡ್‌ಡಿಸ್ಕನ್ನು ತೆಗೆದು ಎಸ್.ಎಸ್.ಡಿ.ಯನ್ನು ಹಾಕಿಸಿದರೆ, ನಿಧಾನವಾದ ಯಂತ್ರವು ಎಷ್ಟೋ ಚುರುಕಾಗುವದು. ಬ್ಯಾಟರಿಯು ಉಬ್ಬಿಕೊಂಡಿದ್ದರೆ ಮಾತ್ರ ಆ ಯಂತ್ರವನ್ನು ಚಾಲೂ ಮಾಡಲೇ ಕೂಡದು. ಅದು ಬೆಂಕಿ ಹೊತ್ತಿಕೊಳ್ಳುವ ಅಪಾಯವುಳ್ಳದ್ದು. ಬಲ್ಲವರಿಂದ ಅದನ್ನು ತೆಗೆಸತಕ್ಕದ್ದು.

ಅನಂತರ ಆ ಯಂತ್ರದಿಂದ ಏನೇನು ಕೆಲಸವಾಗಬೇಕೆಂಬದನ್ನು ಪಟ್ಟಿಮಾಡಿರಿ. ಪತ್ರ ಬರೆಯುವದು, ಅಂಕಪಟ್ಟಿ ಮಾಡುವದು, ಚಿತ್ರ ಪ್ರದರ್ಶನ ಸಿದ್ಧಪಡಿಸುವದು ಇವಕ್ಕೆಲ್ಲ ಲಿಬ್ರೆಆಫೀಸ್ ಸಾಕು. ಅದು ಮೈಕ್ರೋಸಾಫ್ಟಿನ ವರ್ಡ್, ಎಕ್ಸೆಲ್ ಕಡತಗಳನ್ನು ತೆರೆಯುವದು. ಆದರೂ ಪುಟಗಳ ಅಂದವು ಕೆಲವು ಸಾರಿ ಸ್ವಲ್ಪ ಕದಲುವದುಂಟು. ವಿಂಡೋಸಿನಲ್ಲಿ ಮಾತ್ರ ನಡೆಯುವ ಯಾವದಾದರೂ ಲೆಕ್ಕದ ತಂತ್ರಾಂಶವು ಕಚೇರಿಗೆ ಅವಶ್ಯವಾಗಿದ್ದರೆ, ಆ ಒಂದು ಯಂತ್ರವನ್ನು ಬದಲಾಯಿಸದಿರುವದೇ ವಿವೇಕ. ನಮ್ಮ ಶಾಲೆಯ ಕಚೇರಿಯ ಯಂತ್ರವನ್ನು ನಾವು ಹಾಗೆಯೇ ಬಿಟ್ಟಿದ್ದೇವೆ.

೩. ಮೊದಲು ನಕಲು, ಆಮೇಲೆ ಸ್ಥಾಪನೆ

ಈಗ ನನ್ನ ತಪ್ಪನ್ನು ಹೇಳುವೆನು. ದಾನವಾಗಿ ಬಂದ ಆರು ಯಂತ್ರಗಳನ್ನು ಮುಟ್ಟುವದಕ್ಕೆ ಮೊದಲು, ಕೈಪಳಗಲೆಂದು ನಮ್ಮ ಗ್ರಂಥಾಲಯದ ಹಳೆಯ ಲ್ಯಾಪ್‌ಟಾಪಿನಲ್ಲಿ ಪ್ರಯತ್ನಿಸೋಣವೆಂದೆನು. ಹತ್ತನೆಯ ತರಗತಿಯ ನಾಲ್ವರು ಹುಡುಗಿಯರು ನನ್ನ ಸುತ್ತ ನಿಂತಿದ್ದರು. ಅವರಲ್ಲೊಬ್ಬಳು, "ಅಮ್ಮನವರೇ, ಇದರಲ್ಲಿರುವದನ್ನೆಲ್ಲ ಬೇರೆ ಕಡೆ ತೆಗೆದಿಟ್ಟಿದ್ದಾರೆಯೇ?" ಎಂದು ಕೇಳಿದಳು. "ತೆಗೆದಿಟ್ಟಾಗಿದೆ" ಎಂದೆನು. ತೆಗೆದಿಟ್ಟಿದೆಯೆಂದು ನನಗೆ ಯಾರೋ ಹೇಳಿದ್ದರು. ನಾನು ಕಣ್ಣಾರೆ ನೋಡಿರಲಿಲ್ಲ. "ಒಂದು ಸಾರಿ ತೆರೆದು ನೋಡೋಣವೇ?" ಎಂದು ಅವಳು ಪುನಃ ಕೇಳಿದಳು. ಹೊತ್ತಾಗುತ್ತದೆಂದು ನಾನು ಅವಳನ್ನು ಸುಮ್ಮನಿರಿಸಿದೆನು. ಅರ್ಧ ತಾಸಿನೊಳಗೆ ಡಿಸ್ಕು ಪೂರ್ಣವಾಗಿ ಅಳಿಸಿ, ಅದರ ಮೇಲೆ ಹೊಸ ವ್ಯವಸ್ಥೆಯು ಬಂದು ಕೂತಿತು.

ನಕಲು ಮಾಡಿಟ್ಟಿದ್ದ ಪೆನ್‌ಡ್ರೈವನ್ನು ಮಾರನೆಯ ದಿನ ತೆರೆದಾಗ, ಪತ್ರಗಳೂ ಪುಸ್ತಕಗಳ ಪಟ್ಟಿಯೂ ಇದ್ದವು. 'ಹಾಡುಗಳು' ಎಂಬ ಫೋಲ್ಡರಿನ ಹೆಸರೂ ಇತ್ತು. ಅದರೊಳಗೆ ಏನೂ ಇರಲಿಲ್ಲ. ನಮ್ಮ ಶಾಲೆಯಲ್ಲಿ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಹೊಲಿಗೆಯನ್ನೂ ಸಂಗೀತವನ್ನೂ ಕಲಿಸಿ, ಈಗ ಕರ್ತನಲ್ಲಿ ನಿದ್ರೆಹೋಗಿರುವ ನಮ್ಮ ಹಿರಿಯ ಉಪಾಧ್ಯಾಯಿನಿಯವರು, ತಮ್ಮ ಅಜ್ಜಿಯಿಂದ ಕಲಿತ ಬೀಸುವ ಕಲ್ಲಿನ ಪದಗಳನ್ನೂ ಹಳೆಯ ಧಾಟಿಯ ಕೀರ್ತನೆಗಳನ್ನೂ ನಿವೃತ್ತರಾಗುವ ವರ್ಷ ಆ ಲ್ಯಾಪ್‌ಟಾಪಿನ ಮುಂದೆ ಕೂತು ಹಾಡಿದ್ದರು. ಹದಿನಾಲ್ಕು ಹಾಡುಗಳು. ಪೆನ್‌ಡ್ರೈವಿನಲ್ಲಿ ಸ್ಥಳ ಸಾಲದೆ ನಕಲು ನಡುವೆ ನಿಂತುಹೋಗಿತ್ತು. ಯಾರೂ ಅದನ್ನು ಗಮನಿಸಿರಲಿಲ್ಲ. ಅಳಿಸಿದ ಕಡತಗಳನ್ನು ಹುಡುಕಿ ಎತ್ತುವ ತಂತ್ರಾಂಶಗಳನ್ನು ಪ್ರಯೋಗಿಸಿದೆವು. ಒಂದು ಹಾಡೂ ಸರಿಯಾಗಿ ಸಿಕ್ಕಲಿಲ್ಲ; ಯಾಕಂದರೆ ಹಳೆಯದರ ಮೇಲೆ ಹೊಸದನ್ನು ಬರೆದಾಗಿತ್ತು. ಕೆಟ್ಟ ಮೇಲೆ ಬುದ್ಧಿ ಬಂತೆಂಬ ಗಾದೆಯನ್ನು ನಿಮಗೆ ಎಷ್ಟೋ ಸಾರಿ ಹೇಳಿದ್ದ ನಾನು ಅದನ್ನು ಅಂದು ಕಲಿತೆನು.

ಆದಕಾರಣ ಈ ನಿಯಮಗಳನ್ನು ಎಂದೂ ಮೀರಬೇಡಿರಿ.

ಮೊದಲನೆಯದು, ಯಂತ್ರದಲ್ಲಿರುವ ಪತ್ರ, ಚಿತ್ರ, ಧ್ವನಿ ಮೊದಲಾದವನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿದ ಮೇಲೆ, ಎರಡು ಕಡೆಗಳಲ್ಲಿಯೂ ಕಡತಗಳ ಸಂಖ್ಯೆ ಮತ್ತು ಒಟ್ಟು ಅಳತೆಯನ್ನು ಹೋಲಿಸಿ ನೋಡತಕ್ಕದ್ದು.

ಎರಡನೆಯದು, ಆ ನಕಲನ್ನು ಮತ್ತೊಂದು ಯಂತ್ರದಲ್ಲಿ ತೆರೆದು ನೋಡತಕ್ಕದ್ದು. ಕಡತದ ಹೆಸರು ಕಂಡರೆ ಸಾಲದು. ಚಿತ್ರವು ಕಾಣಬೇಕು, ಹಾಡು ಕೇಳಬೇಕು.

ಮೂರನೆಯದು, ಬೆಲೆಯುಳ್ಳದ್ದು ಮೂರು ಪ್ರತಿಗಳಾಗಿರಲಿ. ಅವು ಎರಡು ವಿಧವಾದ ಸಾಧನಗಳ ಮೇಲಿರಲಿ. ಒಂದು ಪ್ರತಿ ಬೇರೆ ಕಟ್ಟಡದಲ್ಲಿರಲಿ.

ನಾಲ್ಕನೆಯದು, ವಿಂಡೋಸನ್ನು ಉಳಿಸಿಕೊಂಡು ಪಕ್ಕದಲ್ಲಿ ಲಿನಕ್ಸನ್ನು ಹಾಕುವದಾದರೆ, ಬಿಟ್‌ಲಾಕರ್ ಎಂಬ ಬೀಗವು ಡಿಸ್ಕಿಗೆ ಬಿದ್ದಿದೆಯೋ ಎಂದು ನೋಡಿ, ಅದರ ೪೮ ಅಂಕೆಗಳ ಕೀಲಿಯನ್ನು ಕಾಗದದ ಮೇಲೆ ಬರೆದಿಡತಕ್ಕದ್ದು.

೪. ಪೆನ್‌ಡ್ರೈವನ್ನು ಸಿದ್ಧಪಡಿಸುವದು

ಲಿನಕ್ಸ್ ಮಿಂಟಿನ ಸ್ವಂತ ಜಾಲತಾಣದಿಂದ ಐ.ಎಸ್.ಒ. ಎಂಬ ಜಾತಿಯ ಕಡತವನ್ನು ಇಳಿಸಿಕೊಳ್ಳಿರಿ. ಅದು ಸುಮಾರು ೩ ಜಿ.ಬಿ.ಯಷ್ಟಿರುವದು. ಇಳಿಯುವಾಗ ನಡುವೆ ಕೆಟ್ಟಿರಬಹುದು, ಅಥವಾ ಮೋಸಗಾರರು ಬದಲಿಸಿರಲೂಬಹುದು. ಇದನ್ನು ಕಂಡುಹಿಡಿಯುವದಕ್ಕಾಗಿ ಪ್ರಕಾಶಕರು ೬೪ ಅಕ್ಷರ ಮತ್ತು ಅಂಕೆಗಳ ಒಂದು ಗುರುತನ್ನು ಕೊಟ್ಟಿರುತ್ತಾರೆ; ಇದಕ್ಕೆ ಎಸ್.ಎಚ್.ಎ. ೨೫೬ ಎಂದು ಹೆಸರು. ಕಡತದಲ್ಲಿ ಒಂದು ಚುಕ್ಕೆಯಷ್ಟು ವ್ಯತ್ಯಾಸವಾದರೂ ಗುರುತು ಪೂರಾ ಬೇರೆಯಾಗುವದು. ನಿಮ್ಮ ಕಡತದ ಗುರುತನ್ನು ಎಣಿಸಿ, ಪ್ರಕಾಶಕರದರೊಂದಿಗೆ ಹೋಲಿಸಿರಿ. ಒಂದೇ ಆಗಿದ್ದರೆ ಮಾತ್ರ ಮುಂದೆ ಹೋಗಿರಿ.

ಅನಂತರ ೮ ಜಿ.ಬಿ.ಯ ಒಂದು ಪೆನ್‌ಡ್ರೈವನ್ನು ತೆಗೆದುಕೊಳ್ಳಿರಿ. ಕಡತವನ್ನು ಅದರೊಳಗೆ ಸುಮ್ಮನೆ ನಕಲು ಮಾಡಿದರೆ ಯಂತ್ರವು ಅದರಿಂದ ಏಳುವದಿಲ್ಲ. ರೂಫಸ್ ಅಥವಾ ಎಚರ್ ಎಂಬ ತಂತ್ರಾಂಶದಿಂದ ಅದನ್ನು ಬರೆಯಿಸಬೇಕು. ಹಾಗೆ ಬರೆಯಿಸುವಾಗ ಪೆನ್‌ಡ್ರೈವಿನಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುವದೆಂಬದನ್ನು ಮರೆಯಬೇಡಿರಿ. ಮೇಲೆ ಹೇಳಿದ ನಿಯಮವು ಇಲ್ಲಿಗೂ ಸಲ್ಲುವದು.

೫. ಮುಟ್ಟದೆ ನೋಡುವ ಪ್ರಯೋಗ

ಯಂತ್ರಕ್ಕೆ ವಿದ್ಯುತ್ತಿನ ತಂತಿಯನ್ನು ಹಚ್ಚಿ, ಪೆನ್‌ಡ್ರೈವನ್ನು ಚುಚ್ಚಿ, ಮರುಪ್ರಾರಂಭ ಮಾಡಿರಿ. ಏಳುತ್ತಿರುವಾಗಲೇ ಒಂದು ಕೀಲಿಯನ್ನು ಮೇಲಿಂದ ಮೇಲೆ ಒತ್ತಬೇಕು. ಡೆಲ್, ಲೆನೊವೊ ಯಂತ್ರಗಳಲ್ಲಿ ಇದು ಸಾಮಾನ್ಯವಾಗಿ ಎಫ್ ೧೨, ಎಚ್.ಪಿ. ಯಂತ್ರಗಳಲ್ಲಿ ಎಫ್ ೯ ಅಥವಾ ಎಸ್ಕೇಪ್. ಆಗ ಒಂದು ಪಟ್ಟಿ ಕಾಣುವದು. ಅದರಲ್ಲಿ ಪೆನ್‌ಡ್ರೈವಿನ ಹೆಸರನ್ನು ಆರಿಸಿರಿ.

ಲಿನಕ್ಸಿನಲ್ಲಿ ಒಂದು ಮೆಚ್ಚತಕ್ಕ ಏರ್ಪಾಡುಂಟು. ಡಿಸ್ಕಿಗೆ ಏನೊಂದನ್ನೂ ಬರೆಯದೆ, ಪೆನ್‌ಡ್ರೈವಿನಿಂದಲೇ ಇಡೀ ಡೆಸ್ಕ್‌ಟಾಪನ್ನು ನಡೆಯಿಸಿ ನೋಡಬಹುದು. ಇದಕ್ಕೆ ಲೈವ್ ಎನ್ನುವರು. ಇಲ್ಲಿ ನಿಧಾನವಾಗಿ ಒಂದೊಂದನ್ನೇ ಪರೀಕ್ಷಿಸಿರಿ: ವೈಫೈ ಸಿಕ್ಕುವದೋ? ಧ್ವನಿ ಬರುವದೋ? ಕೀಲಿಗಳೆಲ್ಲ ಸರಿಯೋ? ಕ್ಯಾಮರಾ ನಡೆಯುವದೋ? ಉತ್ತರಗಳನ್ನು ನೋಟುಪುಸ್ತಕದಲ್ಲಿ ಬರೆಯಿರಿ. ವೈಫೈ ಸಿಕ್ಕದಿದ್ದರೆ ಧೈರ್ಯಗೆಡಬೇಡಿರಿ. ಮೊಬೈಲನ್ನು ಯು.ಎಸ್.ಬಿ. ತಂತಿಯಿಂದ ಜೋಡಿಸಿ ಅದರ ಅಂತರ್ಜಾಲವನ್ನು ಹಂಚಿಕೊಂಡರೆ, ಬೇಕಾದ ಚಾಲಕ ತಂತ್ರಾಂಶವನ್ನು ಇಳಿಸಿಕೊಳ್ಳಬಹುದು. ನಮ್ಮ ಆರರಲ್ಲಿ ಒಂದು ಯಂತ್ರವು ಹೀಗೆ ಹಟಮಾಡಿ, ಈ ಉಪಾಯದಿಂದ ದಾರಿಗೆ ಬಂತು. ಲೈವಿನಲ್ಲಿ ಬರೆದಿಟ್ಟ ಕಡತಗಳು ಯಂತ್ರವನ್ನು ಆರಿಸಿದೊಡನೆ ಮಾಯವಾಗುವವೆಂಬದೂ ನೆನಪಿರಲಿ.

೬. ಸ್ಥಾಪನೆ

ಎಲ್ಲವೂ ಸರಿಯೆಂದು ಕಂಡ ಮೇಲೆ, ಡೆಸ್ಕ್‌ಟಾಪಿನ ಮೇಲಿರುವ ಇನ್‌ಸ್ಟಾಲ್ ಎಂಬ ಚಿತ್ರವನ್ನು ಎರಡು ಸಾರಿ ಒತ್ತಿರಿ. ಅದು ಕ್ರಮವಾಗಿ ಪ್ರಶ್ನೆಗಳನ್ನು ಕೇಳುವದು: ಭಾಷೆ ಯಾವದು, ಕೀಲಿಮಣೆ ಯಾವದು, ಹಾಡು ಮತ್ತು ಚಲಚ್ಚಿತ್ರಗಳಿಗೆ ಬೇಕಾದ ಮಲ್ಟಿಮೀಡಿಯಾ ಕೋಡೆಕುಗಳು ಬೇಕೋ. ಈ ಕೊನೆಯದಕ್ಕೆ ಹೌದೆನ್ನಿರಿ. ಸೆಕ್ಯೂರ್ ಬೂಟ್ ಇರುವ ಯಂತ್ರವು ಇಲ್ಲಿ ಒಂದು ಪಾಸ್‌ವರ್ಡನ್ನು ಕೇಳಬಹುದು. ಮರುಪ್ರಾರಂಭದ ಹೊತ್ತಿನಲ್ಲಿ ಅದನ್ನೇ ಪುನಃ ಕೇಳುವದರಿಂದ ಬರೆದಿಟ್ಟುಕೊಳ್ಳಿರಿ.

ಮುಂದಿನ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದದ್ದು. ಡಿಸ್ಕನ್ನು ಪೂರ್ಣವಾಗಿ ಅಳಿಸಿ ಲಿನಕ್ಸನ್ನು ಹಾಕಬೇಕೋ, ಅಥವಾ ವಿಂಡೋಸಿನ ಪಕ್ಕದಲ್ಲಿ ಹಾಕಬೇಕೋ ಎಂದು ಕೇಳುವದು. ಪಾರ್ಟಿಷನ್ ಎಂಬ ಭಾಗಗಳನ್ನು ನಾವೇ ಹಂಚಿಕೊಡುವ ಮೂರನೆಯ ದಾರಿಯೂ ಉಂಟು; ಅದು ಅನುಭವಸ್ಥರಿಗೆ ಸೇರಿದ್ದು. ಈ ಪುಟಕ್ಕೆ ಬಂದಾಗ ಕೈಯನ್ನು ಇಲಿಯ ಮೇಲಿಂದ ತೆಗೆಯಿರಿ. ಪಕ್ಕದಲ್ಲಿರುವ ಗೆಳತಿಯು, "ನಕಲನ್ನು ತೆರೆದು ನೋಡಿದ್ದೀಯೋ?" ಎಂದು ಕೇಳಬೇಕು, ನೀವು, "ನೋಡಿದ್ದೇನೆ" ಎಂದು ಸತ್ಯವಾಗಿ ಹೇಳಲು ಶಕ್ತರಾಗಿರಬೇಕು. ಆಮೇಲೆಯೇ ಒತ್ತಬೇಕು. ನಮ್ಮ ಶಾಲೆಯಲ್ಲಿ ಈಗ ಇದು ಕಟ್ಟಳೆಯಾಗಿರುವದು. ಕೇಳುವವಳು ಚಿಕ್ಕವಳಾದರೂ, ಒತ್ತುವವಳು ಮುಖ್ಯೋಪಾಧ್ಯಾಯಿನಿಯೇ ಆದರೂ, ಪ್ರಶ್ನೆಯನ್ನು ಕೇಳತಕ್ಕದ್ದೇ, ಉತ್ತರವನ್ನು ಕೊಡತಕ್ಕದ್ದೇ.

ಅನಂತರ ಭೂಪಟದಲ್ಲಿ ಕೋಲ್ಕತಾವನ್ನು ಆರಿಸಿರಿ. ಭಾರತದ ಸಮಯಕ್ಕೆ ಅದೇ ಗುರುತು. ಬಳಿಕ ಬಳಕೆದಾರರ ಹೆಸರನ್ನೂ ಪಾಸ್‌ವರ್ಡನ್ನೂ ಕೊಡಿರಿ. ಪಾಸ್‌ವರ್ಡು ಉದ್ದವಾಗಿರಲಿ, ನಿಮ್ಮ ಹೆಸರಾಗಲಿ ಹುಟ್ಟಿದ ದಿನವಾಗಲಿ ಆಗಿರಕೂಡದು. ಸ್ಥಾಪನೆ ಮುಗಿದು ಮರುಪ್ರಾರಂಭಕ್ಕೆ ಕೇಳಿದಾಗ ಪೆನ್‌ಡ್ರೈವನ್ನು ತೆಗೆದು ಎಂಟರ್ ಕೀಲಿಯನ್ನು ಒತ್ತಿರಿ.

ಎರಡು ವ್ಯವಸ್ಥೆಗಳನ್ನೂ ಇಟ್ಟುಕೊಂಡವರಿಗೆ ಒಂದು ವಿಚಿತ್ರವು ಕಾಣುವದುಂಟು: ವಿಂಡೋಸಿನ ಗಡಿಯಾರವು ಐದೂವರೆ ತಾಸು ಹಿಂದೆ ಬೀಳುವದು. ಯಂತ್ರದೊಳಗಿನ ಗಡಿಯಾರವನ್ನು ಲಿನಕ್ಸು ಜಾಗತಿಕ ಸಮಯದಲ್ಲಿಯೂ ವಿಂಡೋಸು ಊರಿನ ಸಮಯದಲ್ಲಿಯೂ ಇಡುವದೇ ಇದಕ್ಕೆ ಕಾರಣ. ಭೂಗೋಳದಲ್ಲಿ ನೀವು ಕಲಿತ ರೇಖಾಂಶಗಳ ಪಾಠವು ಇಲ್ಲಿ ಎದುರಿಗೆ ಬಂದು ನಿಲ್ಲುವದು! ಒಳಗಿನ ಗಡಿಯಾರವನ್ನು ಊರಿನ ಸಮಯದಲ್ಲಿಯೇ ಇಡುವಂತೆ ಲಿನಕ್ಸಿಗೆ ಹೇಳಿದರೆ ಈ ತೊಡಕು ತೀರುವದು.

೭. ಅಣಿಗೊಳಿಸುವದು

ಹೊಸ ಮನೆಗೆ ಹೋದವಳು ಮೊದಲು ಬಾಗಿಲು, ಬೀಗ, ಒಲೆಗಳನ್ನು ನೋಡುವಂತೆ, ಹೊಸ ವ್ಯವಸ್ಥೆಯಲ್ಲಿ ಈ ಕೆಲಸಗಳನ್ನು ಮೊದಲು ಮಾಡತಕ್ಕದ್ದು.

ಟೈಮ್‌ಶಿಫ್ಟ್ ಎಂಬದನ್ನು ತೆರೆದು ವ್ಯವಸ್ಥೆಯ ಒಂದು ಪ್ರತಿಬಿಂಬವನ್ನು ತೆಗೆದಿಡಿರಿ. ಮುಂದೆ ಏನಾದರೂ ಕೆಟ್ಟರೆ ಆ ದಿನದ ಸ್ಥಿತಿಗೆ ಹಿಂದಿರುಗಬಹುದು. ಆದರೆ ಎಚ್ಚರ: ಟೈಮ್‌ಶಿಫ್ಟು ಸಾಮಾನ್ಯವಾಗಿ ವ್ಯವಸ್ಥೆಯ ಕಡತಗಳನ್ನು ಮಾತ್ರ ಕಾಯುವದು, ನಿಮ್ಮ ಪತ್ರ, ಚಿತ್ರ, ಹಾಡುಗಳನ್ನು ಕಾಯುವದಿಲ್ಲ. ಅವುಗಳಿಗೆ ಬೇರೆ ನಕಲು ಬೇಕೇ ಬೇಕು. ಅದಕ್ಕಾಗಿ ಮಿಂಟಿನಲ್ಲಿ ಬ್ಯಾಕಪ್ ಟೂಲ್ ಎಂಬ ಪ್ರತ್ಯೇಕ ಸಾಧನವುಂಟು.

ಎರಡನೆಯದಾಗಿ ಅಪ್‌ಡೇಟ್ ಮ್ಯಾನೇಜರಿನಿಂದ ತಿದ್ದುಪಡಿಗಳನ್ನು ಹಾಕಿರಿ. ವಾರಕ್ಕೊಮ್ಮೆ, ಶನಿವಾರ ಬೆಳಿಗ್ಗೆ, ಇದನ್ನು ಮಾಡುವ ಅಭ್ಯಾಸವನ್ನಿಟ್ಟುಕೊಳ್ಳಿರಿ. ಮೂರನೆಯದಾಗಿ ಡ್ರೈವರ್ ಮ್ಯಾನೇಜರಿನಲ್ಲಿ ವೈಫೈ ಮೊದಲಾದವಕ್ಕೆ ಚಾಲಕಗಳು ಬೇಕೋ ಎಂದು ನೋಡಿರಿ. ನಾಲ್ಕನೆಯದಾಗಿ ಫೈರ್‌ವಾಲನ್ನು ಚಾಲೂ ಮಾಡಿರಿ. ಐದನೆಯದಾಗಿ, ಅನೇಕರು ಉಪಯೋಗಿಸುವ ಯಂತ್ರದಲ್ಲಿ ಮೇಲ್ವಿಚಾರಕಿಗೆ ಒಂದು ಖಾತೆಯೂ ವಿದ್ಯಾರ್ಥಿನಿಯರಿಗೆ ಅಧಿಕಾರವಿಲ್ಲದ ಬೇರೊಂದು ಖಾತೆಯೂ ಇರಲಿ. ಇದು ಅಪನಂಬಿಕೆಯಲ್ಲ, ಎಡವಿ ಬೀಳುವವರಿಗೆ ಹಾಕಿದ ಕೈಹಿಡಿಯಷ್ಟೆ.

ಉಪಯುಕ್ತವಾದ ತಂತ್ರಾಂಶಗಳನ್ನು ಸಾಫ್ಟ್‌ವೇರ್ ಮ್ಯಾನೇಜರಿನಿಂದಲೇ ತರಿಸಿಕೊಳ್ಳಿರಿ. ಆಕಾಶದ ನಕ್ಷತ್ರಗಳನ್ನು ತೋರಿಸುವ ಸ್ಟೆಲ್ಲೇರಿಯಮ್, ಚಿಕ್ಕ ಮಕ್ಕಳಿಗೆ ಚಿತ್ರ ಬಿಡಿಸುವ ಟಕ್ಸ್ ಪೇಂಟ್, ಆಟದೊಂದಿಗೆ ಪಾಠ ಕಲಿಸುವ ಜಿಕಾಂಪ್ರಿ ಇವು ಶಾಲೆಗಳಿಗೆ ಬಹಳ ಅನುಕೂಲವಾದವು. ಟರ್ಮಿನಲ್ ಎಂಬ ಕರಿಯ ಕಿಟಕಿಯಲ್ಲಿ ಆಜ್ಞೆಗಳನ್ನು ಬೆರಳಚ್ಚು ಮಾಡಿಯೂ ಕೆಲಸಮಾಡಬಹುದು. ಆದರೆ ಅರ್ಥ ತಿಳಿಯದ ಆಜ್ಞೆಯನ್ನು ಎಲ್ಲಿಂದಲೋ ತಂದು ಅಲ್ಲಿ ಅಂಟಿಸುವದು, ಹೆಸರು ಗೊತ್ತಿಲ್ಲದ ಔಷಧವನ್ನು ಕುಡಿದಂತೆಯೇ ಸರಿ.

೮. ಕನ್ನಡದ ಏರ್ಪಾಡು

ನಮ್ಮ ನುಡಿಯಲ್ಲಿ ಬರೆಯಲು ಬಾರದ ಯಂತ್ರವು ನಮ್ಮ ಶಾಲೆಗೆ ಅರ್ಧ ಯಂತ್ರವೇ. ಆದದರಿಂದ ಸಿನಾಪ್ಟಿಕ್ ಎಂಬದನ್ನು ತೆರೆದು ಕನ್ನಡದ ಅಕ್ಷರರೂಪಗಳನ್ನು ಹಾಕಿಕೊಳ್ಳಿರಿ. ಲೋಹಿತ್, ಗುಬ್ಬಿ, ನವಿಲು ಎಂಬ ಸ್ವತಂತ್ರ ಫಾಂಟುಗಳು ದೊರೆಯುತ್ತವೆ. ಹಾಕಿದ ಮೇಲೆ 'ಧರ್ಮ', 'ರಾಷ್ಟ್ರ', 'ಸ್ವಾತಂತ್ರ್ಯ' ಎಂಬ ಮೂರು ಶಬ್ದಗಳನ್ನು ಬರೆದು ನೋಡಿರಿ. ಒತ್ತಕ್ಷರಗಳೂ ಅರ್ಕಾವೊತ್ತೂ ತಮ್ಮ ತಮ್ಮ ಸ್ಥಳದಲ್ಲಿ ಕೂತಿದ್ದರೆ ಫಾಂಟು ಸರಿಯಾಗಿರುವದು.

ಬೆರಳಚ್ಚಿಗಾಗಿ ಐಬಸ್ ಎಂಬ ಸಾಧನವನ್ನೂ ಅದರ ಎಮ್೧೭ಎನ್ ಎಂಬ ಭಾಗವನ್ನೂ ಹಾಕಿ, ಕನ್ನಡದ ಕೆ.ಜಿ.ಪಿ. ವಿನ್ಯಾಸವನ್ನು ಆರಿಸಿಕೊಳ್ಳಿರಿ. ಇದು ಶ್ರೀ ಕೆ. ಪಿ. ರಾವ್ ಅವರು ಯೋಜಿಸಿದ್ದು. ನುಡಿ ತಂತ್ರಾಂಶದಲ್ಲಿ ಕೈಪಳಗಿದವರು ಹೊಸದಾಗಿ ಕಲಿಯತಕ್ಕದ್ದೇನೂ ಇಲ್ಲ. ಉದಾಹರಣೆಗೆ, ಎ, ಎಮ್, ಎಫ್, ಎಮ್ ಎಂಬ ನಾಲ್ಕು ಕೀಲಿಗಳನ್ನು ಒತ್ತಿದರೆ 'ಅಮ್ಮ' ಎಂದಾಗುವದು. ನಡುವಣ ಎಫ್ ಒತ್ತಕ್ಷರವನ್ನು ಬೆಸೆಯುವದು. ವಿಂಡೋಸ್ ಚಿಹ್ನೆಯ ಕೀಲಿಯನ್ನೂ ಸ್ಪೇಸನ್ನೂ ಒಟ್ಟಿಗೆ ಒತ್ತಿ ಕನ್ನಡಕ್ಕೂ ಇಂಗ್ಲಿಷಿಗೂ ಬದಲಾಯಿಸಬಹುದು.

ಇಲ್ಲಿಯೂ ಒಂದು ಹಳ್ಳವುಂಟು. ಅನೇಕ ಶಾಲೆಗಳ ಹಳೆಯ ಪ್ರಶ್ನಪತ್ರಿಕೆಗಳೂ ಕಾರ್ಯಕಲಾಪದ ಪುಸ್ತಕಗಳೂ ಯೂನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಅಚ್ಚಾದವು. ಆ ಫಾಂಟು ಇಲ್ಲದ ಯಂತ್ರದಲ್ಲಿ ಅವನ್ನು ತೆರೆದರೆ ಕನ್ನಡಕ್ಕೆ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುವವು. ಕಡತವು ಕೆಟ್ಟಿತೆಂದು ತಿಳಿದು ಅಳಿಸಿಬಿಡಬೇಡಿರಿ! ಅಂಥಾ ಬರಹವನ್ನು ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳಿವೆ. ಹಳೆಯ ವ್ಯವಸ್ಥೆಯು ಇನ್ನೂ ಇರುವಾಗಲೇ ಪರಿವರ್ತಿಸಿ, ಒಂದೊಂದು ಪುಟವನ್ನೂ ಓದಿ ತಿದ್ದಿ ಇಟ್ಟುಕೊಳ್ಳುವದು ಉತ್ತಮ. ನಮ್ಮ ಶಾಲೆಯ ಹಳೆಯ ಪ್ರಶ್ನಪತ್ರಿಕೆಗಳನ್ನು ಒಂಬತ್ತನೆಯ ತರಗತಿಯವರು ಹೀಗೆಯೇ ಉಳಿಸಿದರು.

೯. ಸಮಾಪ್ತಿ

ಈಗ ಆರು ಯಂತ್ರಗಳೂ ಗ್ರಂಥಾಲಯದ ಏಳನೆಯದೂ ಚೆನ್ನಾಗಿ ನಡೆಯುತ್ತಿವೆ. ತೂಕಕ್ಕೆ ಹೋಗಬೇಕಾಗಿದ್ದವುಗಳ ಮುಂದೆ ಪ್ರತಿ ಮಧ್ಯಾಹ್ನ ಹುಡುಗಿಯರು ಕೂತು ಕಲಿಯುವದನ್ನು ನೋಡಿದಾಗ ನನ್ನ ಹೃದಯವು ಕೃತಜ್ಞತೆಯಿಂದ ತುಂಬುವದು. ಆದರೆ ಏಳನೆಯದರ ಬಳಿ ಹಾದುಹೋಗುವಾಗಲೆಲ್ಲ ಆ ಹದಿನಾಲ್ಕು ಹಾಡುಗಳು ನೆನಪಿಗೆ ಬರುವವು. ಯಂತ್ರವು ಹೊಸದಾಯಿತು, ಆ ಸ್ವರವು ಹಿಂದಿರುಗಲಿಲ್ಲ. ನನಗೆ ಎರಡು ಸಾರಿ ಪ್ರಶ್ನೆ ಹಾಕಿದ ಆ ಹುಡುಗಿಯ ಮುಂದೆ ನಾನು ತರಗತಿಯಲ್ಲಿಯೇ ತಪ್ಪನ್ನು ಒಪ್ಪಿಕೊಂಡೆನು. ಈ ವರ್ಷ ನಕಲುಗಳ ದಾಖಲೆ ಪುಸ್ತಕವನ್ನು ಅವಳೇ ಬರೆದು, ತಿಂಗಳಿಗೊಮ್ಮೆ ಪ್ರತಿಯೊಂದನ್ನೂ ತೆರೆದು ನೋಡಿ ರುಜು ಹಾಕುತ್ತಾಳೆ.

ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರಲ್ಲಿ ನನ್ನದೊಂದು ಬಿನ್ನಹವುಂಟು. ಹೊಲಿಗೆಯ ಕೋಣೆಯಲ್ಲಿ ಸೂಜಿಯ ಲಯಕ್ಕೆ ಸರಿಯಾಗಿ ಅವರು ಹಾಡಿಸುತ್ತಿದ್ದ ಪದಗಳು ನಿಮ್ಮಲ್ಲಿ ಯಾರಿಗಾದರೂ ನೆನಪಿದ್ದರೆ, ಒಂದು ಚರಣವಾದರೂ ಸರಿಯೇ, ದಯವಿಟ್ಟು ಶಾಲೆಗೆ ಬಂದು ಹಾಡಿರಿ. ನಮ್ಮ ಹುಡುಗಿಯರು ಅದನ್ನು ಧ್ವನಿಮುದ್ರಿಸಿ, ಮೂರು ಪ್ರತಿಗಳನ್ನು ಮಾಡಿ, ತೆರೆದು ಕೇಳಿದ ಮೇಲೆಯೇ ನಿಮ್ಮನ್ನು ಕಳುಹಿಸಿಕೊಡುವರು. ಈ ವರೆಗೆ ಮೂರು ಹಾಡುಗಳು ಹೀಗೆ ಹಿಂದಿರುಗಿ ಬಂದಿವೆ.

ವಿದ್ಯಾರ್ಥಿನಿಯರೇ, ಹೊಸದನ್ನು ಧೈರ್ಯದಿಂದ ಕಲಿಯಿರಿ. ಆದರೆ ಹಳೆಯದರಲ್ಲಿ ಕಾಪಾಡತಕ್ಕದ್ದು ಯಾವದೆಂಬದನ್ನು ಮೊದಲು ಹುಡುಕಿ, ಭದ್ರವಾಗಿ ಎತ್ತಿಟ್ಟು, ಅದು ಭದ್ರವಾಗಿದೆಯೆಂದು ಕಣ್ಣಾರೆ ಕಂಡ ಮೇಲೆ ಹೊಸದಕ್ಕೆ ಕ್ಯೆಹಾಕಿರಿ. ದೇವರು ನಿಮ್ಮ ಕೈಕೆಲಸವನ್ನು ಆಶೀರ್ವದಿಸಲಿ.

ಅಭ್ಯಾಸ

೧. ಸ್ವತಂತ್ರ ತಂತ್ರಾಂಶವು ಉಚಿತ ತಂತ್ರಾಂಶಕ್ಕಿಂತ ಹೇಗೆ ಭಿನ್ನವಾದದ್ದು?

೨. ಐ.ಎಸ್.ಒ. ಕಡತದ ಗುರುತನ್ನು ಹೋಲಿಸಿ ನೋಡುವದು ಯಾಕೆ ಅವಶ್ಯ?

೩. ಟೈಮ್‌ಶಿಫ್ಟು ಇದ್ದರೂ ಸ್ವಂತ ಕಡತಗಳಿಗೆ ಬೇರೆ ನಕಲು ಬೇಕೆನ್ನುವದಕ್ಕೆ ಕಾರಣವೇನು?

೪. ಒಂದೇ ಯಂತ್ರದಲ್ಲಿ ಎರಡು ವ್ಯವಸ್ಥೆಗಳಿದ್ದಾಗ ಗಡಿಯಾರವು ಐದೂವರೆ ತಾಸು ತಪ್ಪುವದು ಹೇಗೆ?

೫. ನಿಮ್ಮ ಮನೆಯಲ್ಲಿ ಒಂದೇ ಪ್ರತಿಯಾಗಿ ಉಳಿದಿರುವ ಚಿತ್ರ, ಪತ್ರ ಅಥವಾ ಧ್ವನಿ ಯಾವದು? ಮನೆಯ ಹಿರಿಯರನ್ನು ಕೇಳಿ ಪಟ್ಟಿಮಾಡಿರಿ; ಬರುವ ಶನಿವಾರದೊಳಗೆ ಅವುಗಳಲ್ಲಿ ಒಂದರ ನಕಲನ್ನಾದರೂ ಮಾಡಿ, ತೆರೆದು ನೋಡಿ, ನೋಟುಪುಸ್ತಕದಲ್ಲಿ ರುಜು ಹಾಕಿರಿ.